ಹಾಡಿನ ಡಬ್ಬಿಯ ನೀಲಿ ಲೈಟು

ನನಗ ಸಿಟ್ಟು ಜಲ್ದಿ ಬರತೈತಿ. ನಮ್ಮ ಓಣಿಗೆಲ್ಲಾ ಗೊತ್ತಿರೋ ಮಾತಿದು. ಸಾಲ್ಯಾಗ ಹುಡುಗರು ನನ್ನ ಚಪ್ಪಲಿ ಸಪ್ಪಳಾ ಕೇಳಿದ್ರ ಸಾಕು, ಗಪ್‌ಚಿಪ್ ಕುಂಡರತಾವು. ಅಂಥಾಕಿ ನಾನು ಒಂದು ಡಬ್ಬಿ ಸಲುವಾಗಿ ಹನ್ನೊಂದು ದಿನ ಬಾಯಿ ಮುಚಗೊಂಡು ಕುಂತಿದ್ನಿ ಅಂದ್ರ ಯಾರೂ ನಂಬಾಂಗಿಲ್ಲ. ನಂಬಲಿ ಬಿಡಲಿ, ಹೇಳತೇನಿ.

ನಮ್ಮ ಮನಿ ಇಂಡ್ಯಾಗ. ನಾನು ದಿನಾ ಬಸ್ ಹತ್ತಿ ಅಗರಖೇಡ ಸಾಲಿಗೆ ಹೋಗಿ ಕಲಿಸಿ ಬರತೇನಿ. ನಮ್ಮ ಮನಿಯವರಿಗೆ ಮೂರು ವರ್ಷದ ಹಿಂದ ಮುದ್ದೇಬಿಹಾಳಕ್ಕ ವರ್ಗ ಆತು. ಅಲ್ಲೇ ಒಂದು ಖೋಲಿ ಹಿಡದಾರ, ಹದಿನೈದು ದಿನಕ್ಕೊಮ್ಮೆ ಶನಿವಾರ ಮನಿಗೆ ಬರತಾರ. ಮಗಳು ಮದುವಿ ಆಗಿ ಸಿಂದಗ್ಯಾಗ ಅದಾಳ. ಹಿಂಗಾಗಿ ಮನ್ಯಾಗ ನಾನು, ನಮ್ಮ ಅತ್ತಿ, ಇಬ್ಬರ.

ಅತ್ತಿ ಕೆಟ್ಟಾಕಿ ಅಲ್ಲ. ಅದನ್ನ ಮೊದಲ ಹೇಳಿಬಿಡತೇನಿ. ಆದ್ರ ಸಂಜಿಕ ಪಡಸಾಲ್ಯಾಗ ಬತ್ತಿ ಹೊಸಕೋತ ಕುಂತ್ರು ಅಂದ್ರ ಮಗನ ಫೋನ್ ಬರೂತನಕಾ ಏಳಾಂಗಿಲ್ಲ. ಫೋನ್ ನಂದ, ಬರೂದೂ ನನ್ನ ನಂಬರಿಗ, ಆದ್ರ ಎತ್ತೂದು ಅವರು. ಕಿವಿ ಸ್ವಲ್ಪ ಮಂದ, ಅದಕ್ಕ ಸ್ಪೀಕರ್ ಹಾಕತಾರ. ಮಗಾ ಏನ್ ಉಂಡಾ, ಕೆಮ್ಮು ಕಡಿಮಿ ಆತೋ ಇಲ್ಲೋ, ಎಲ್ಲಾ ವಿಚಾರಿಸಿ ನನ್ನ ಪಾಳಿ ಬರೂದ್ರಾಗ ಎರಡ ಮಾತು ಉಳದಿರತಾವು. "ಊಟ ಆತ್ರಿ?" "ಆತು." ಮುಗೀತು. ಇಪ್ಪತ್ತೈದು ವರ್ಷ ಸಂಸಾರ ಮಾಡಿದ್ರೂ ಅತ್ತಿ ಮುಂದ ಗಂಡನ ಜೋಡಿ ಫೋನಿನ್ಯಾಗ ನಗೂದು ನನಗ ಆಗಾಂಗಿಲ್ಲ. ಫೋನ್ ತಗೊಂಡು ಒಳಗ ಹೋದ್ರ ಏನೋ ಗುಟ್ಟು ನಡಸ್ಯಾಳ ಅಂತ ಅನಿಸಿಕೊಳ್ಳಬೇಕು. ಮೆಸೇಜ್ ಹಾಕಬಾರದೇನು ಅಂತ ಕೇಳಬಹುದು. ನಮ್ಮ ಮನಿಯವರು ಮೆಸೇಜ್ ಹಾಕತಾರ. "ಗ್ಯಾಸ್ ಬಂತೇನು?" ಅಂತ ಹಾಕತಾರ.

ಅಂಥಾದ್ರಾಗ ನಮ್ಮ ನಡುವ ಆ ಡಬ್ಬಿ ಬಂತು.

ಡಬ್ಬಿ ಅಂದ್ರ ಒಂದು ಹಳೇ ಕಂಪ್ಯೂಟರು. ಇವರು ಅದಕ್ಕ ಸರ್ವರ್ ಅಂತಾರ, ಅತ್ತಿ ಹಾಡಿನ ಡಬ್ಬಿ ಅಂತಾರ. ಮನ್ಯಾಗಿದ್ದ ಕ್ಯಾಸೆಟ್ಟು, ಸೀಡಿ, ಎಲ್ಲಾ ಹಾಡು ಇವರ ಕುಂತು ಒಂದೊಂದಾಗಿ ಅದರಾಗ ಇಳಿಸ್ಯಾರ. ಸಾವಿರಗಟ್ಟಲೆ ಹಾಡು. ಭಜನಿ ಅದಾವು, ನಾಟಕದ ಪದಾ ಅದಾವು, ಮೊಹರಮ್ ಪದಾ ಅದಾವು. ನನ್ನ ತವರಮನಿ ಕನ್ನೊಳ್ಳಿ. ನಮ್ಮ ಮದುವಿಯೊಳಗ ಕನ್ನೊಳ್ಳಿ ಹೆಣಮಕ್ಕಳು ಹಾಡಿದ್ದ ಸೋಬಾನ ಪದಾ ಯಾರೋ ಟೇಪಿನ್ಯಾಗ ಹಿಡದಿದ್ರು. ನಡುವ ಒಂದು ಕೂಸು ಅಳತೈತಿ, ಯಾರೋ "ಸಕ್ರಿ ಎಲ್ಲೈತಿ" ಅಂತ ಒದರತಾರ. ಅದೂ ಡಬ್ಬ್ಯಾಗ ಐತಿ.

ಇವರಿಗೆ ಕರೆಂಟ್ ಅಂದ್ರ ಜೀವ. ನಾವು ಖೋಲಿ ಬಿಟ್ಟು ಹೊರಗ ಕಾಲಿಡೂದ್ರಾಗ ಹಿಂದಿಂದ ಟಪ್ ಅಂತ ಬಟನ್ ಆರಿಸತಾರ. ಒಮ್ಮೆ ಅತ್ತಿ ಬಚ್ಚಲದಾಗ ಇದ್ದಾಗನ ಲೈಟ್ ಆರಿಸಿ ಬೈಸಿಕೊಂಡಾರ. ಅಂಥಾ ಮನಶ್ಯಾ, ಡಬ್ಬಿ ಹಗಲೂ ರಾತ್ರಿ ಚಾಲೂ ಇರೂದನ್ನ ನೋಡಕೋತ ಕುಂಡರತಾರೇನು? ಮುದ್ದೇಬಿಹಾಳಕ್ಕ ಹೋಗೂಕಿಂತ ಮುಂಚೆ ಅದಕ್ಕ ಮಲಗೂದು ಕಲಿಸಿದ್ರು. ಯಾರೂ ಹಾಡು ಕೇಳಲಿಲ್ಲ ಅಂದ್ರ ತಾನ ಮಲಗತೈತಿ. ಮಲಗಿದಾಗ ಸಣ್ಣ ಹಸರ ಲೈಟ್ ಒಂದ ಮಿಣಿಮಿಣಿ ಅಂತಿರತೈತಿ. ಇವರು ಮುದ್ದೇಬಿಹಾಳದಾಗ ಕುಂತು ಫೋನಿನ್ಯಾಗ ಒಂದು ಬಟನ್ ಒತ್ತಿದ್ರ ಇಲ್ಲೆ ಇಂಡ್ಯಾಗ ಡಬ್ಬಿ ಎಚ್ಚರಾಗತೈತಿ. ನೀಲಿ ಲೈಟ್ ಹತ್ತತೈತಿ, ಒಳಗಿನ ಫ್ಯಾನ್ ಸುಂಯ್ ಅಂತೈತಿ, ಹಾಡು ಚಾಲೂ. ಅದ ಹಾಡು ಅಲ್ಲೆ ಇವರ ಖೋಲ್ಯಾಗೂ ಕೇಳತೈತಿ, ಇಲ್ಲೆ ನಮ್ಮ ಪಡಸಾಲ್ಯಾಗೂ ಕೇಳತೈತಿ.

"ದಿನಾ ಏಳೂ ಹತ್ತಕ್ಕ ಎಬ್ಬಸ್ತೇನಿ. ನಾನೂ ಚಾ ಕುಡಿಯೂ ಹೊತ್ತು ಅದು. ನೀನೂ ಕೇಳು" ಅಂದು ಹೋದ್ರು.

ಅಯ್ಯ, ನನ್ನ ಖುಷಿ ಏನ್ ಹೇಳ್ಲಿ! ಸಾಲಿಯಿಂದ ಬಂದಾಕಿನ ಕಸಾ, ಮುಸರಿ, ರೊಟ್ಟಿ ಎಲ್ಲಾ ಏಳರೊಳಗ ಮುಗಿಸಿ, ಎರಡ ಕಪ್ ಚಾ ಮಾಡಿ, ಒಂದು ಅತ್ತಿಗೆ ಕೊಟ್ಟು, ಇನ್ನೊಂದು ಹಿಡಕೊಂಡು ಡಬ್ಬಿ ಕಡೆ ಮಾರಿ ಮಾಡಿ ಕುಂಡರತಿದ್ನಿ. ನೀಲಿ ಲೈಟ್ ಹತ್ತಿತು ಅಂದ್ರ ಇವರು ಖೋಲಿಗೆ ಬಂದ್ರು, ಕಾಲು ಚಾಚಿ ಕುಂತ್ರು, ನನ್ನ ನೆನಿಸಿದ್ರು ಅಂತ ಅರ್ಥ. ಅತ್ತಿ ಎದುರಿಗೇ ಕುಂತಿರತಿದ್ರು, ಅವರಿಗೆ ಬರೇ ಹಾಡು ಕೇಳಿಸತಿತ್ತು. ನನ್ನ ಗಂಡ ನನ್ನ ಜೋಡಿ ಮಾತಾಡಾಕತ್ತಾನ ಅನ್ನೂದು ನನಗೊಬ್ಬಾಕಿಗೇ ಗೊತ್ತು. ಐವತ್ತರ ಹತ್ತಿರ ಬಂದಾಕಿ, ಮೊಮ್ಮಗನ್ನ ಎತ್ತಿ ಆಡಿಸೂ ವಯಸ್ಸು, ಹೊಸಾ ಸೊಸಿ ಹಂಗ ಗಡಿಯಾರ ನೋಡತಿದ್ನಿ. ನಾಚಿಕಿ ಬಿಟ್ಟು ಹೇಳಾಕತ್ತೇನಿ.

ಒಂದಿನ ಹೆಡ್‌ಮಾಸ್ತರ ಎಲ್ಲಾ ಹುಡುಗರ ಮುಂದ ನನ್ನ ಬೈದ್ರು, ತಪ್ಪು ನಂದಲ್ಲ. ಬಸ್ಸಿನ್ಯಾಗ ಸೆರಗು ಬಾಯಾಗ ಇಟಗೊಂಡು ಅಳಕೋತ ಬಂದ್ನಿ. ಅವತ್ತ ಸಂಜಿಕ ಡಬ್ಬಿ ಎಚ್ಚರಾದ ಕೂಡ್ಲೇ ಬಂದದ್ದು ಕನ್ನೊಳ್ಳಿ ಸೋಬಾನ ಪದಾ. ಆ ಕೂಸಿನ ಅಳು, ಆ "ಸಕ್ರಿ ಎಲ್ಲೈತಿ", ಎಲ್ಲಾ. ಇವರಿಗೆ ಹೆಂಗ ಗೊತ್ತಾತು? ನಾ ಹೇಳೇ ಇಲ್ಲಲ್ಲ! ಚಾ ಆರಿ ಹೋತು, ನಾನು ಹಂಗ ಕುಂತಿದ್ನಿ. ಇಂಥಾ ಗಂಡನ್ನ ಕೊಟ್ಟ ದೇವರಿಗೆ ಕೈ ಮುಗದ್ನಿ.

ಮುಂದಿನ ಮಾತು ಬಸವನ ಬಾಗೇವಾಡಿದು. ಹೋದ ವರ್ಷ ನಮ್ಮ ಬೀಗರ ಪೈಕಿ ಒಂದು ಮದುವಿ ಅಲ್ಲಿತ್ತು. ನಾನೂ ಅತ್ತಿಯೂ ಇಂಡಿಯಿಂದ ಹೋದ್ವಿ, ಇವರು ಮುದ್ದೇಬಿಹಾಳದಿಂದ ಬಂದ್ರು. ಮದುವಿ ಹಿಂದಿನ ದಿನ ಸಂಜಿಕ ಊಟಕ್ಕ ಮಂದಿ ಕುಂತಿತ್ತು, ಇವರು ಧೋತರ ಉಟ್ಟು ಸಾರಿನ ಬಕೀಟ್ ಹಿಡದು ಬಡಸಾಕ ನಿಂತಿದ್ರು. ಇವರ ಫೋನು, ವಾಚು, ಎರಡೂ ನನ್ನ ಪರ್ಸಿನ್ಯಾಗ. ಫೋನು ಮಧ್ಯಾನದಾಗನ ಚಾರ್ಜ್ ಮುಗದು ಬಂದ್ ಬಿದ್ದಿತ್ತು.

ಆಗ ನನ್ನ ಫೋನ್ ರಿಂಗ್ ಆತು. ನಮ್ಮ ಮಗ್ಗಲ ಮನಿ ಆಪಾ. ಅರವಿ ಹೊಲೀತಾಳ, ನಮ್ಮ ಗ್ವಾಡಿಗೆ ಹತ್ತೇ ಅಕಿ ಮನಿ. ಸಂಜಿಕ ನಮ್ಮ ಹೊರಗಿನ ಲೈಟ್ ಹಚ್ಚು ಅಂತ ಅಕಿಗೆ ಹೇಳಿ ಬಂದಿದ್ನಿ.

"ಅಕ್ಕೋರ, ಮದುವಿಗೆ ಹೋಗಿಲ್ಲೇನ್ರಿ? ಒಳಗ ಹಾಡು ಹತ್ಯಾವಲ್ಲ! ಸಾಹೇಬ್ರು ಬಂದಾರೇನು?"

ನಾನು ಗಡಿಯಾರ ನೋಡಿದ್ನಿ. ಏಳೂ ಹನ್ನೆರಡು. ಪರ್ಸಿನ್ಯಾಗ ಕೈ ಹಾಕಿ ಇವರ ಫೋನ್ ಮುಟ್ಟಿ ನೋಡಿದ್ನಿ, ತಣ್ಣಗ ಬಿದ್ದಿತ್ತು. ಎದುರಿಗೆ ನೋಡಿದ್ನಿ. ಇವರು ಯಾರಿಗೋ "ಇನ್ನೊಂಚೂರು ಹಾಕಸ್ಕೋರಿ, ನಾಚಬ್ಯಾಡ್ರಿ" ಅನಕೋತ ಸಾರು ಬಡಸಾಕತ್ತಿದ್ರು. ಏಳೂ ಹತ್ತಾತು ಅನ್ನೂದು ಆ ಮನಶ್ಯಾನ ಮಾರಿ ಮ್ಯಾಲ ಎಲ್ಲೂ ಇರಲಿಲ್ಲ.

"ಇಲ್ಲ ಆಪಾ," ಅಂದ್ನಿ, "ಯಾರೂ ಬಂದಿಲ್ಲ. ಅದು ತಾನ ಹತ್ತೇತಿ."

ತಾನ ಹತ್ತೇತಿ. ನನ್ನ ಬಾಯಿಲೇ ಬಂತು ಆ ಮಾತು. ಮುಂದ ಹೋಳಿಗಿ ಬಡಿಸಿದ್ರು, ಮುಟ್ಟದ ಎದ್ನಿ.

ಇಂಡಿಗೆ ಬಂದ ಮರುದಿನ ಸಾಲಿ ಬಿಟ್ಟ ಮ್ಯಾಲ ಡಬ್ಬಿ ಮುಂದ ಕುಂತ್ನಿ. ನನ್ನ ಫೋನಿನ್ಯಾಗೂ ಡಬ್ಬಿಯ ಪುಟ ತೆರೀತೈತಿ, ಇವರ ಹಾಕಿ ಕೊಟ್ಟಿದ್ರು. ನಾನು ಎಂದೂ ಒಳಗ ಹೊಕ್ಕು ನೋಡಿರಲಿಲ್ಲ, ನೋಡೂ ಗರಜ್ ಏನಿತ್ತು? ಅವತ್ತ ನೋಡಿದ್ನಿ. ದಿನಾ ಏಳೂ ಹತ್ತಕ್ಕ ತಾನ ಏಳೂದು. ಸಿಕ್ಕ ಹಾಡು ತಾನ ಹಚ್ಚೂದು. ಎಂಟೂ ಹತ್ತಕ್ಕ ತಾನ ಮಲಗೂದು. ಅಲಾರಮ್ ಇಟ್ಟಂಗ ಇಟ್ಟಾರ. ಮಗ್ಗಲಕ್ಕ ಇಟ್ಟ ತಾರೀಖೂ ಇತ್ತು.

ಆ ತಾರೀಖು ನನಗ ಚೊಲೋತ್ನಾಗಿ ನೆನಪೈತಿ. ಬಸರಿ ಮಗಳ ಕುಬಸ ಮುಗಿಸಿ ಸಿಂದಗಿಯಿಂದ ಬಂದ ಮರುದಿನ, ಐತವಾರ. ಇವರು ಮುದ್ದೇಬಿಹಾಳಕ್ಕ ಹೋಗಿ ಬರೇ ಮೂರು ವಾರ ಆಗಿತ್ತು. ನಾನು ರೊಟ್ಟಿ ಹಿಟ್ಟು ನಾದಾಕತ್ತಿದ್ನಿ. "ಸ್ವಲ್ಪ ಬಾ ಇಲ್ಲೆ, ಬ್ಯಾಟರಿ ಹಿಡಿ" ಅಂತ ಕರದ್ರು. ಡಬ್ಬಿ ಇದ್ದ ಮೂಲ್ಯಾಗ ಕತ್ತಲಿ, ಹಿಂದಿನ ವಾಯರ್ ಕಾಣಾಂಗಿಲ್ಲ. ಹಿಟ್ಟಿನ ಕೈಲೇ ಬ್ಯಾಟರಿ ಹಚ್ಚಿ ಹಿಡದು, ಬೆಳಕು ಅವರ ಕೈಬಟ್ಟಿನ ಮ್ಯಾಲ ಬೀಳೂ ಹಂಗ ಬಗ್ಗಿ ನಿಂತ್ನಿ. ಹಳೇ ಟಿವಿ ತಂದು ಜೋಡಿಸಿ ಏನೋ ಟಕಾಟಕ ಮಾಡಿದ್ರು.

"ಏನ್ ಮಾಡಾಕತ್ತೀರಿ?" ಅಂತ ಕೇಳಿದ್ದೆ.

"ಏನಿಲ್ಲ, ಸ್ವಲ್ಪ ಸೆಟ್ಟಿಂಗ್. ಇನ್ನ ದಿನಾ ತ್ರಾಸ ಇಲ್ಲ."

ಡಬ್ಬಿಯ ತ್ರಾಸ ಅಂತ ತಿಳದಿದ್ನಿ. "ಪಾಪ, ಎಷ್ಟು ಕಾಳಜಿ" ಅಂತ ಅವರ ಬೆನ್ನಿನ ಮ್ಯಾಲಿನ ಧೂಳಾ ಝಾಡಿಸಿದ್ದೆ. ಹಾಳಾಗಿ ಹೋಗ್ಲಿ ನನ್ನ ಕೈ.

ಹಂಗಂದ್ರ ಹೆಡ್‌ಮಾಸ್ತರ ಬೈದ ದಿನ ಸೋಬಾನ ಪದಾ ಹಚ್ಚಿದ್ದು ಯಾರು? ಯಾರೂ ಅಲ್ಲ. ಸಾವಿರಗಟ್ಟಲೆ ಹಾಡಿನ್ಯಾಗ ಅದರ ಪಾಳಿ ಬಂತು, ಬಂತು. ಮನಿಗೆ ಬಂದ ಶನಿವಾರಗೂಡ ಏಳೂ ಹತ್ತಕ್ಕ ಹಾಡು ಹತ್ತತಿತ್ತು, ಇವರು ಫೋನ್ ಹಿಡಕೊಂಡು ಕುಂತಿರತಿದ್ರು, ಇವರ ಹಚ್ಚ್ಯಾರ ಅಂತ ನಾನು ಓರೆಗಣ್ಣಿಲೇ ನೋಡಿ ನಗತಿದ್ನಿ. ಅವರೂ ನಗತಿದ್ರು. ಯಾಕ ನಕ್ಕಿರಿ ಆಗ? ಒಂದು ಮಾತು ಹೇಳಬಾರದಿತ್ತೇನು, "ನಾನಲ್ಲ, ಅದು ತಾನ ಏಳತೈತಿ" ಅಂತ? ನಾ ಏನ್ ಬಡಿತಿದ್ನಿ ಏನು?

ಇಷ್ಟಕ್ಕ ಇಷ್ಟ್ಯಾಕ ಅಂತೀರಿ, ಗೊತ್ತು. ಕುಡುಕ ಗಂಡ ಅಲ್ಲ, ಬ್ಯಾರೆ ಸಂಬಂಧ ಇಲ್ಲ, ಪಗಾರ ತಂದು ಮನಿಗೇ ಹಾಕತಾರ. ಎಲ್ಲಾ ಖರೆ. ಆದ್ರ ಎರಡು ವರ್ಷದ ಮ್ಯಾಲ ನಾನು ದಿನಾ ಸಂಜಿಕ ಯಾರ ಜೋಡಿ ಚಾ ಕುಡದ್ನಿ? ಅದನ್ನ ಹೇಳ್ರಿ ಮೊದಲ.

ಬಗ್ಗಿ, ಡಬ್ಬಿಯ ವಾಯರ್ ಗ್ವಾಡಿಯಿಂದ ಕಿತ್ತ್ನಿ. ಹಸರ ಲೈಟೂ ಆರಿತು. ಹೆಂಗೂ ಕರೆಂಟ್ ಉಳೀತು, ಖುಷಿ ಪಡಲಿ. ಇವರು ಖರೇನ ಕೇಳತಿದ್ರ ಅವತ್ತ ಸಂಜಿಕನ ಗೊತ್ತಾಗತೈತಿ, "ಯಾಕ ಹಾಡು ಬರವಲ್ದು?" ಅಂತ ಕೇಳತಾರ. ಕೇಳಲಿ ಅಂತ ದೇವರಿಗೆ ಬೇಡಕೊಂಡ್ನಿ. ನಂದ ತಪ್ಪಾಗಲಿ, ನಾನ ಮಳ್ಳಿ ಆಗಲಿ, ಅವರು ದಿನಾ ಕೇಳೂದಾದ್ರೂ ಖರೆ ಇರಲಿ.

ಮೊದಲನೇ ದಿನ ಅತ್ತಿ ಕೇಳಿದ್ರು, "ಯಾಕ ಡಬ್ಬಿ ಸುಮ್ಮನೈತಿ?" ಕೆಟ್ಟೈತಿ ಅಂದ್ನಿ. ಎರಡನೇ ದಿನ ಆಪಾ ಗ್ವಾಡಿ ಮ್ಯಾಲಿಂದ ಕೇಳಿದ್ಳು, "ಹಾಡು ಇಲ್ದ ಬ್ಯಾಸರ ಆಗತೈತ್ರಿ ಅಕ್ಕೋರ, ಮಷಿನ್ ತುಳಿಯಾಕ ಮನಸ ಬರವಲ್ದು." ಇವರು ಎಂಟೂವರಿಗೆ ಫೋನ್ ಮಾಡಿದ್ರು, ಕೆಮ್ಮಿನ ಔಷಧದ ಮಾತಾಡಿದ್ರು, ಇಟ್ರು. ಮೂರನೇ ದಿನ, ನಾಲ್ಕನೇ ದಿನ, ವಾರ ಆತು. ಅಷ್ಟು ಜಲ್ದಿ ಸಿಟ್ಟು ಬರೂ ನಾನು ದಿನಾ ಕಾಯಕೋತ ಕುಂತ್ನಿ. ನಡುವ ಬಂದ ಶನಿವಾರಕ್ಕ ಕೆಲಸ ಐತಿ ಅಂತ ಇವರು ಬರಲೂ ಇಲ್ಲ.

ಹನ್ನೊಂದನೇ ದಿನ ಅತ್ತಿ ಮಾತು ಮುಗಿಸಿ ಫೋನ್ ನನ್ನ ಕಡೆ ಸರಿಸಿದ್ರು. ಸ್ಪೀಕರ್ ಹಂಗ ಇತ್ತು.

"ಊಟ ಆತ್ರಿ?"

"ಆತು."

ಅಲ್ಲಿಗೆ ಇಡಬೇಕಿತ್ತು. ನನಗ ತಡಕೊಳ್ಳಾಕ ಆಗಲಿಲ್ಲ.

"ಇವತ್ತ ಹಾಡು ಕೇಳಿದ್ರೇನ್ರಿ?"

"ಕೇಳಿದ್ನಿ, ಕೇಳಿದ್ನಿ. ದಿನಾ ಕೇಳತೇನಲ್ಲ. ಇವತ್ತಿಂದಂತೂ ಭಾಳ ಛಲೋ ಇತ್ತು. ನಿನ್ನ ನೆನಪಾತು."

ನಿನ್ನ ನೆನಪಾತು ಅಂತ. ಇಪ್ಪತ್ತೈದು ವರ್ಷದಾಗ ಅತ್ತಿಗೆ ಕೇಳಿಸೂ ಹಂಗ ಆ ಮಾತು ಒಮ್ಮಿಯೂ ಅಂದಿರಲಿಲ್ಲ. ಅಂದದ್ದು ಅವತ್ತ.

ಅತ್ತಿ ಬತ್ತಿ ಹೊಸಿಯೂದು ನಿಲ್ಲಿಸಿ ತಲಿ ಎತ್ತಿದ್ರು. ಕಿವಿ ಮಂದ ಅಂದ್ನಲ್ಲ, ಅವತ್ತ ಎಲ್ಲಾ ಕೇಳಿಸಿತ್ತು.

"ಯಾವ ಹಾಡೋ ತಮ್ಮಾ?" ಅಂದ್ರು. "ಡಬ್ಬಿ ಬಂದ್ ಬಿದ್ದು ಹನ್ನೊಂದು ದಿನ ಆತು."

ಅತ್ತಿ ನನ್ನ ಮಾರಿ ನೋಡಿದ್ರು, ಮೂಲ್ಯಾಗ ಕಿತ್ತು ಬಿದ್ದ ವಾಯರ್ ನೋಡಿದ್ರು. ಆಮ್ಯಾಲ ತಾವ ಕೈಬಟ್ಟಿಲೇ ಸ್ಪೀಕರ್ ಆರಿಸಿ, ಫೋನ್ ನನ್ನ ಕೈಯಾಗ ಇಟ್ಟು ಅಂದ್ರು, "ಒಳಗ ಹೋಗಿ ಮಾತಾಡು. ಬಾಗಲಾ ಹಾಕ್ಕೋ."

ಲಗ್ನ ಆದಾಗಿಂದ ಮೊದಲನೇ ಸಲ ಗಂಡನ ಫೋನ್ ಒಳಗ ಒಯ್ದು ಬಾಗಲಾ ಹಾಕಿದ್ನಿ. ಹನ್ನೊಂದು ದಿನ ಜೋಡಿಸಿಟ್ಟ ಬೈಗಳ ತಲಿ ತುಂಬ ಇದ್ದವು. ಒಂದೂ ಬರಲಿಲ್ಲ. ಇವರು ಅಲ್ಲೆ "ಅದು ಏನಾತು ಅಂದ್ರ, ಇಲ್ಲೆ ನೆಟ್‌ವರ್ಕು" ಅನಕೋತ ಏನೋ ಹೇಳಾಕತ್ತಿದ್ರು.

"ಅವತ್ತ ಬ್ಯಾಟರಿ ಹಿಡದಾಕಿ ನಾನ ಅಲ್ಲೇನ್ರಿ?" ಅಂದ್ನಿ. ಅಳು ಬಂದುಬಿಟ್ಟಿತು.

ಇವರು ಕೇಳಿದ್ರು:

"ಯಾವ ಬ್ಯಾಟರಿ?"