ಮೊಡವೆ ಮೇಡಂ

ವಯಸ್ಸು ಐವತ್ತಕ್ಕೆ ಎರಡೇ ಕಮ್ಮಿ, ಆದರೆ ಹದಿನಾರು ದಾಟಲು ಮೇಡಂಗೆ ಇನ್ನೂ ಪುರುಸೊತ್ತು ಸಿಕ್ಕಿಲ್ಲ. ಹದಿಹರೆಯದವರಿಗೆಂದು ಹನ್ನೊಂದು ಪ್ರೇಮ ಕಾದಂಬರಿ ಬರೆದಿರುವ ಇವರ ನಾಯಕಿಗೆ ಮೊದಲ ಪುಟದಲ್ಲೇ ಮೂಗಿನ ತುದಿಗೊಂದು ಮೊಡವೆ ಏಳುವುದು ಗ್ಯಾರಂಟಿ. ಓದುಗ ಹುಡುಗಿಯರು ಇಟ್ಟ ಹೆಸರೂ ಅದೇ. ಶಾಲೆ ಬಿಡುವ ಹೊತ್ತಿಗೆ ಮೇಡಂ ಸುಮ್ಮಸುಮ್ಮನೆ ಬಸ್ಸು ಹತ್ತಿ, ಹಿಂದಿನ ಸೀಟಿನ ಹುಡುಗಿಯರ ಪಿಸುಮಾತಿಗೆ ಮೈಯೆಲ್ಲ ಕಿವಿಯಾಗಿ, ಇಳಿಯುವ ಸ್ಟಾಪು ಮರೆತು ಕೊನೇ ನಿಲ್ದಾಣದಿಂದ ನಡೆದು ಬರುತ್ತಾರೆ. ಬರೆದದ್ದನ್ನು ಮಗಳಿಗೆ ತೋರಿಸಿದರೆ, "ಅಯ್ಯೋ ಅಮ್ಮಾ, ಈಗ ಯಾರೂ ಹೀಗೆ ನಾಚ್ಕೊಳಲ್ಲ, ಮಾನ ಕಳೀಬೇಡ" ಎಂದು ಅವಳು ರೂಮಿನ ಬಾಗಿಲು ಹಾಕಿಕೊಳ್ಳುತ್ತಾಳೆ. ಆಗ ಸಿಕ್ಕಿಬೀಳುವವರು ನಲ್ಲಿ ರಿಪೇರಿ ಕೆಲಸ ಮಾಡುವ ಮೇಡಂ ಅವರ ಯಜಮಾನರು. ಬರೆದ ಸಂಭಾಷಣೆಯನ್ನು ಇಬ್ಬರೂ ಗಟ್ಟಿಯಾಗಿ ಓದಬೇಕು; ಹುಡುಗಿಯ ಮಾತು ಮೇಡಮ್ಮಿನದು, ಹುಡುಗನದು ಯಜಮಾನರದು. ಕೈಯಲ್ಲಿ ಸ್ಪ್ಯಾನರ್, ಮೂಗಿನ ಮೇಲೆ ಕನ್ನಡಕ, ಜಗಳವಾಗಲಿ ಜಂಬವಾಗಲಿ, ಪಾಠ ಒಪ್ಪಿಸಿದಂತೆ ಗಡಗಡ ಓದಿ ಬಿಸಾಕುವ ಮನುಷ್ಯ, ‘ನೀನಂದ್ರೆ ನಂಗಿಷ್ಟ’ ಎಂಬ ಸಾಲಿಗೆ ಬಂದೊಡನೆ ಕಿವಿ ಕೆಂಪಗಾಗಿಸಿಕೊಂಡು, "ನೀ... ನೀನಂದ್ರೆ... ಇದನ್ನೂ ಓದ್ಲೇಬೇಕೇನೇ?" ಎಂದು ತೊದಲುತ್ತಾರೆ. ಹಾಗಾಗಿಯೇ ಹನ್ನೊಂದು ಪುಸ್ತಕದ ಹುಡುಗರೂ ಅದೇ ಮಾತಿಗೆ ತೊದಲುತ್ತಾರೆ. ವಿಮರ್ಶಕರು ಅದನ್ನು ಶೈಲಿ ಎಂದು ಹೊಗಳಿದ್ದಾರೆ. ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ಹಾಳೆ ನೋಡದೆ ಯಜಮಾನರು ಆ ಮಾತು ಹೇಳಿದ್ದಿಲ್ಲ. "ಸರಿಯಾಗಿ ಕೇಳಿಸ್ಲಿಲ್ಲ, ಇನ್ನೊಂದ್ಸಲ ಓದಿ, ಬರ್ಕೋಬೇಕು" ಎನ್ನುತ್ತಾರೆ ಮೇಡಂ, ಪೆನ್ನಿಗೆ ಮುಚ್ಚಳ ಹಾಕಿ ಪಕ್ಕಕ್ಕಿಟ್ಟು.