ಗುರುತಿನವರಿಲ್ಲದ ಊರು ಹುಡುಕಿ

ಆ ರವಿವಾರ ಬೆಳಿಗ್ಗೆ ನವಲಗುಂದದ ಬಸ್ ನಿಲ್ದಾಣದಲ್ಲಿ ನನ್ನ ತಮ್ಮ ಮಹಾಂತೇಶ ನನ್ನಿಂದ ದೂರ, ಕಂಬದ ಮರೆಗೆ ನಿಂತಿದ್ದ. ಯಾರಾದರೂ "ಎಲ್ಲಿಗೆ ಹೊಂಟ್ರಿ?" ಎಂದು ಕೇಳಿದರೆ ಏನು ಹೇಳುವುದು ಎಂಬುದೇ ಅವನ ಚಿಂತೆ. ಧಾರವಾಡದ ಆಸ್ಪತ್ರೆಯಿಂದ ಅವನನ್ನು ಮನೆಗೆ ಕರೆತಂದು ಒಂದು ವಾರವಾಗಿತ್ತಷ್ಟೇ. ಕುಡಿತ ಬಿಡಿಸಲು ಅಲ್ಲಿ ಸೇರಿಸಿದ್ದು ಅದು ಎರಡನೆಯ ಸಲ. ಮೊದಲ ಸಲ ಬಂದ ಕೆಲವೇ ದಿನಗಳಲ್ಲಿ ಮತ್ತೆ ಕುಡಿದು ತನ್ನ ಮೋಟಾರ್ ರಿಪೇರಿ ಅಂಗಡಿಯ ಬಾಗಿಲಲ್ಲೇ ಬಿದ್ದಿದ್ದ. ಹೆಂಡತಿ ಮಗಳನ್ನು ಕರೆದುಕೊಂಡು ತವರಿಗೆ ಹೋದಳು. ಈ ಸಲ ಡಾಕ್ಟರು ನನ್ನನ್ನು ಕೂರಿಸಿಕೊಂಡು ಹೇಳಿದ್ದರು: "ಔಷಧ ನಾವು ಕೊಟ್ಟೀವ್ರಿ. ಇನ್ನ ಕುಡಿಯೂದು ಬಿಟ್ಟವರ ಜೋಡಿ ಇವ್ರು ಕುಂಡ್ರಬೇಕು. ಒಬ್ಬರ ಇದ್ರ ತಡ್ಕೊಳ್ಳೂದು ಕಷ್ಟ."

ಅಂಥವರು ವಾರಕ್ಕೊಮ್ಮೆ ಸೇರುವ ಸಭೆಗಳು ಹುಬ್ಬಳ್ಳಿಯಲ್ಲೂ ಇವೆ. ಮಹಾಂತೇಶ ಒಪ್ಪಲಿಲ್ಲ. "ಹುಬ್ಬಳ್ಳ್ಯಾಗ ನಮ್ಮೂರ ಮಂದಿ ದಿನಾ ಇರ್ತಾರಕ್ಕಾ. ಗುರುತಿನವ್ರಿಲ್ಲದ ಊರಾದ್ರ ಬರ್ತೀನಿ" ಎಂದ. ಕುಂದಗೋಳದ ಒಂದು ಶಾಲೆಯಲ್ಲಿ ರವಿವಾರ ಮಧ್ಯಾಹ್ನ ಸಭೆ ನಡೆಯುತ್ತದೆ ಎಂದು ಆಸ್ಪತ್ರೆಯ ನರ್ಸ್ ಹೇಳಿದ್ದರು. ನಮಗೆ ಗೊತ್ತಿದ್ದುದು ಅಷ್ಟೇ.

ಬಸ್ಸಿನಲ್ಲಿ ನಾನು ಆಧಾರ್ ತೋರಿಸಿ ಹೆಂಗಸರ ಉಚಿತ ಟಿಕೆಟ್ ಪಡೆದೆ; ಅವನಿಗೊಂದು ಟಿಕೆಟ್ ತೆಗೆದೆ. ಹುಬ್ಬಳ್ಳಿಗೆ ಒಂದು ತಾಸಿನ ಮೇಲಾಯಿತು. ದಾರಿಯುದ್ದಕ್ಕೂ ಎರೆಹೊಲಗಳಲ್ಲಿ ಬಿಳಿಜೋಳ ಆಳೆತ್ತರ ನಿಂತಿತ್ತು. ಹುಬ್ಬಳ್ಳಿಯಲ್ಲಿ ಕುಂದಗೋಳದ ಬಸ್ಸಿಗೆ ಕಾಯುವಾಗ ಅವನು ರಸ್ತೆಯಾಚೆಯ ಬಾರಿನ ಬೋರ್ಡಿಗೆ ಬೆನ್ನು ಮಾಡಿ ಕುಳಿತ. ಎರಡೂ ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡ. "ಚಳಿ ಭಾಳ ಐತಿ" ಎಂದ. ಬಿಸಿಲು ಚುರುಗುಟ್ಟುತ್ತಿತ್ತು. ನಾನು ಹೌದೆಂದೆ.

ಕುಂದಗೋಳದ ಶಾಲೆಯ ಗೇಟಿಗೆ ಬೀಗ. ಎದುರಿಗೆ ಗಿರಮಿಟ್ ಅಂಗಡಿಯಿತ್ತು. ಮಹಾಂತೇಶ ತಲೆ ತಗ್ಗಿಸಿ ನಿಂತುಬಿಟ್ಟ. ನಾನೇ ಹೋಗಿ ಅಂಗಡಿಯಾಕೆಯನ್ನು ಪಿಸುದನಿಯಲ್ಲಿ ಕೇಳಿದೆ. ಆಕೆ ಬಸ್ಸಿನ ವೇಳೆ ಹೇಳಿದಷ್ಟೇ ಸಲೀಸಾಗಿ, ಓಣಿಗೆಲ್ಲ ಕೇಳುವಂತೆ ಹೇಳಿದಳು: "ಕುಡಿಯೂದು ಬಿಟ್ಟವರ ಸಭಾ ಏನ್ರಿ? ಸಾಲಿ ರಿಪೇರಿ ನಡದೈತಿ. ಅವ್ರು ಈಗ ಕುಬಿಹಾಳ ಹಳ್ಳ್ಯಾಗ, ಸಮುದಾಯ ಭವನದಾಗ ಸೇರ್ತಾರ. ಮೊದ್ಲ ಇಷ್ಟು ತಿನ್ರಿ, ಹಸದ ಹೊಟ್ಟೀಲೆ ಹೋಗಬ್ಯಾಡ್ರಿ."

ಗಿರಮಿಟ್ ಖಾರವಾಗಿತ್ತು, ಚಹಾ ಸಕ್ಕರೆಪಾಕದಂತಿತ್ತು. ತಿಂದಾದ ಮೇಲೆ ಮಹಾಂತೇಶ, "ಸಿಗಲಿಲ್ಲಲ್ಲಾ, ಹೊಳ್ಳಿ ಹೋಗೂಣು" ಎಂದ.

"ಟಂಟಂ ನಿಂತೈತಿ. ಹತ್ತು" ಎಂದೆ. ನನ್ನ ದನಿಯಲ್ಲಿ ಸಿಟ್ಟಿತ್ತು, ಹೆದರಿಕೆಯೂ ಇತ್ತು. ಈ ಸಲ ಹೊಳ್ಳಿಹೋದರೆ ಅವನು ಇನ್ನೊಮ್ಮೆ ಹೊರಡುವವನಲ್ಲ.

ಒಂಬತ್ತು ಮಂದಿಯನ್ನು ತುಂಬಿಕೊಂಡ ಆಟೊ ನಮ್ಮನ್ನು ಕುಬಿಹಾಳದ ಸಮುದಾಯ ಭವನದ ಮುಂದೆ ಇಳಿಸಿತು. ಒಳಗೆ ಬೆನ್ನು ತಿರುಗಿಸಿ ಒಬ್ಬ ಹಿರಿಯರು ಜಮಖಾನ ಹಾಸುತ್ತಿದ್ದರು. ಸಪ್ಪಳ ಕೇಳಿ ತಿರುಗಿದರು. ನಮ್ಮ ಓಣಿಯ ಬಟ್ಟೆ ಅಂಗಡಿಯ ಈರಣ್ಣ ಕಾಕಾ! ಹಣೆಯ ತುಂಬ ವಿಭೂತಿ, ಬಿಳಿ ಅಂಗಿ. ಅವರು ಪ್ರತಿ ರವಿವಾರ ಮಠಕ್ಕೆ ಹೋಗುತ್ತಾರೆಂದು ಓಣಿಯೆಲ್ಲ ನಂಬಿತ್ತು. (ಇಲ್ಲಿ ಹೆಸರುಗಳನ್ನು ಬದಲಿಸಿದ್ದೇನೆ, ಬರೆಯಲು ಇಬ್ಬರೂ ಒಪ್ಪಿದ್ದಾರೆ.)

ಮಹಾಂತೇಶ ಬಾಗಿಲಿಂದಲೇ ತಿರುಗಿದ.

"ಲೇ ಮಾಂತೇಶಾ, ನಿಲ್ಲು" ಎಂದರು ಕಾಕಾ. ಅವರ ಮುಖವೂ ಬಿಳಿಚಿತ್ತು. "ನೀ ಯಾಕ ಬಂದಿ, ನಾನೂ ಅದಕ್ಕ ಬಂದೀನಿ. ಗುರುತಿನವ್ರು ಸಿಗಬಾರದಂತ ಇಷ್ಟು ದೂರ ಬರ್ತಿದ್ನಿ, ನೀ ಸಿಕ್ಕಿ ನೋಡು!"

ಮಹಾಂತೇಶನಿಗೆ ನಗು ತಡೆಯಲಾಗಲಿಲ್ಲ; ಆಮೇಲೆ ಕಾಕಾನೂ ನಕ್ಕರು. ನಗುತ್ತಲೇ ಅವನು ಚಪ್ಪಲಿ ಬಿಟ್ಟು ಒಳಗೆ ಹೋಗಿ ಜಮಖಾನದ ಇನ್ನೊಂದು ತುದಿ ಹಿಡಿದ.

ನಾನು ಹೊರಗೆ ಬೇವಿನ ಗಿಡದ ಕಟ್ಟೆಯ ಮೇಲೆ ಕುಳಿತೆ. ಇನ್ನೂ ಐದಾರು ಮಂದಿ ಬಂದರು. ಬಾಗಿಲು ಮುಚ್ಚಿತು. ಒಳಗಿನ ಮಾತು ಕೇಳಿಸುತ್ತಿರಲಿಲ್ಲ. ಒಮ್ಮೆ ಮಾತ್ರ ಯಾರೋ ಬಿಕ್ಕಿದ ಸದ್ದು ಬಂತು.

ಹೊರಗೆ ಬಂದಾಗ ಮಹಾಂತೇಶನ ಕಣ್ಣುಗಳು ಕೆಂಪಾಗಿದ್ದವು. "ಮಾತಾಡಿದ್ನಿ ಅಕ್ಕಾ. ಮಗಳು ಹೋಗುಮುಂದ ತಿರುಗಿ ನೋಡಲಿಲ್ಲ ಅಂತ ಹೇಳಿದ್ನಿ. ಎಲ್ಲಾರೂ ಕೇಳಿದ್ರು. ಒಬ್ಬರೂ ಬುದ್ಧಿ ಹೇಳಲಿಲ್ಲ."

ಹಿಂದಿರುಗುವಾಗ ಬಸ್ಸಿನಲ್ಲಿ ಅವರಿಬ್ಬರೂ ಒಂದೇ ಸೀಟಿನಲ್ಲಿ ಕುಳಿತರು. ನಮ್ಮೂರಲ್ಲೇ ಒಂದು ಸಭೆ ನಡೆಸಿದರೆ ಹೇಗೆ, ಬುಧವಾರ ಸಂಜೆ ಬಟ್ಟೆ ಅಂಗಡಿಯ ಮಾಳಿಗೆ ಆದೀತೇ ಎಂದು ದಾರಿಯುದ್ದಕ್ಕೂ ಮಾತಾಡಿದರು. ನಾನು ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೇಳಿಸಿಕೊಂಡೆ.

ನವಲಗುಂದದಲ್ಲಿ ಇಳಿದಾಗ ಹೊತ್ತು ಮುಳುಗುತ್ತಿತ್ತು. ನಿಲ್ದಾಣದ ಬಾಜೂಕಿನ ಹಣ್ಣಿನ ಗಾಡಿಯವನು ಪರಿಚಯದವನೇ. "ಎಲ್ಲಿಗೆ ಹೋಗಿದ್ರಿ, ಮೂರೂ ಮಂದಿ ಕೂಡಿ?" ಎಂದು ಕೇಳಿದ. ಕಾಕಾ ನನ್ನ ಮುಖ ನೋಡಿದರು. ಮಹಾಂತೇಶ ಒಂದು ಹೆಜ್ಜೆ ಮುಂದೆ ಬಂದ.

"ಕುಡಿಯೂದು ಬಿಟ್ಟವರ ಸಭಾಕ್ಕ ಹೋಗಿದ್ವಿ."

ಗಾಡಿಯವನು ನಗಲಿಲ್ಲ. ತಕ್ಕಡಿ ಕೆಳಗಿಟ್ಟು, ಆಚೀಚೆ ನೋಡಿ, ನಮ್ಮ ಹತ್ತಿರ ಬಂದು ಮೆಲ್ಲಗೆ ಕೇಳಿದ: "ಯಾರ ಬಂದ್ರೂ ಕರ್ಕೋತಾರೇನ್ರಿ?"