ಮುಂಬೈ ಮೇಲಿಟ್ಟ ಕಲ್ಲು

ರಾಜಧಾನಿಗಳನ್ನು ಬಾಯಿಪಾಠ ಮಾಡಿಸಿ ಮಾಡಿಸಿ ಬೇಸತ್ತು, ಒಂದು ದೀಪಾವಳಿಗೆ ಮುಂಚೆ ಮಹಾರಾಷ್ಟ್ರದ ಗಡಿಯೊಳಗಿನ ದಾಳಿಂಬವೆಂಬ ಊರಿನ ಹತ್ತಿರದ ನಮ್ಮ ಕನ್ನಡ ಶಾಲೆಯ ಅಂಗಳದ ತುಂಬ ಸುಣ್ಣದಲ್ಲಿ ಭಾರತದ ನಕಾಶೆ ಬರೆದೆ. ಕನ್ಯಾಕುಮಾರಿ ನಲ್ಲಿಯ ಕೆಸರಿಗೆ ಇಳಿಯಿತು. ಸಮುದ್ರತೀರವಾದ್ದರಿಂದ ಯಾರ ಆಕ್ಷೇಪವೂ ಬರಲಿಲ್ಲ. ಮಕ್ಕಳು ಚೀಟಿ ಎತ್ತಿ, ತಮಗೆ ಬಂದ ರಾಜಧಾನಿಯ ಮೇಲೆ ನಿಲ್ಲಬೇಕು. ನಾನು ಆ ಊರುಗಳನ್ನು ಕೂಗಿ ಹಾಜರಿ ಹಾಕಬೇಕು. ವಾರದೊಳಗೆ ಮಕ್ಕಳ ಸ್ವಂತ ಹೆಸರುಗಳು ನನಗೆ ಮರೆತುಹೋದವು.

ಮುಂಬೈ ಕುರಿಗಾರರ ಮನೆಯ ಹುಡುಗಿಗೆ ಬಂದಿತ್ತು. ಊರಿನ ಹಳೆಯ ಒಕ್ಕಲು ಮನೆಯವಳಿಗೆ ಪಣಜಿ. ನಕಾಶೆಯ ಆ ಪುಟ್ಟ ಗೋವೆಯಲ್ಲಿ ಎರಡೂ ಪಾದ ಹಿಡಿಸುತ್ತಿರಲಿಲ್ಲ. ಹಬ್ಬ ಮುಗಿದರೆ ಮುಂಬೈಯ ಹುಡುಗಿ ತನ್ನ ಮನೆಯವರ ಜೊತೆ ಹಿಂಡು ಹೊಡೆದುಕೊಂಡು ನಿಲಂಗಾ, ಉದಗೀರದ ಕಡೆ ಹೊರಡುವುದು ವರ್ಷದ ರೂಢಿ. ಖಾಲಿಯಾಗಲಿರುವ ಜಾಗಕ್ಕೆ ಪಣಜಿ ಮೊದಲೇ ಅರ್ಜಿ ಹಾಕಿದಳು.

"ಕುರಿ ಹಿಂದ ತಿರಗಾಕಿಗಿ ರಾಜಧಾನಿ ಯಾಕ್ರಿ ಮಾಸ್ತರ್?"

ಮುಂಬೈ ನಿಂತಲ್ಲಿಂದ ಕದಲಲಿಲ್ಲ. "ಥಂಡ್ಯಾಗ ಅಧಿವೇಶನಕ್ಕಂತ ಸರ್ಕಾರ ನಾಗಪುರಕ್ಕ ಹೋಗ್ತದಂತ ನೀವೇ ಹೇಳೀರಿ. ಅವಾಗ ಮುಂಬೈ ಯಾರರ ಕಸಗೊಂತಾರೇನ್ರಿ?"

ನಾನು ಕನ್ನಡಕ ಒರೆಸಿಕೊಂಡೆ. ಆಮೇಲೆ ತೀರ್ಪಿತ್ತೆ: ಮುಂಬೈ ಮರಳುವವರೆಗೆ ಆ ಜಾಗದಲ್ಲಿ ಒಂದು ಕಲ್ಲು ಇರತಕ್ಕದ್ದು. ಕಲ್ಲನ್ನು ಅವಳೇ ಆರಿಸಿ ತಂದಳು, ತೆಂಗಿನಕಾಯಿ ಗಾತ್ರದ್ದು.

ಆ ಚಳಿಗಾಲ ನಿದ್ದೆಯಲ್ಲಿ ಕಂಡದ್ದರಂತೆ ನೆನಪಿದೆ. ಎಳೆಬಿಸಿಲು ಅಸ್ಸಾಮಿನಿಂದ ಹೊರಟು ಮೆಲ್ಲಗೆ ಗುಜರಾತ ಮುಟ್ಟುತ್ತಿತ್ತು. ಗಾಳಿಗೆ ತೊಗರಿಯ ಹಳದಿ ಎಸಳು ಹಾರಿಬಂದು ಯಾವುದೋ ರಾಜ್ಯದಲ್ಲಿ ಕೂರುತ್ತಿದ್ದವು. "ಮುಂಬೈ?" ಎಂದು ಕೂಗಿದರೆ ಎಲ್ಲರೂ ಕಲ್ಲಿನ ಕಡೆ ನೋಡುವರು. ಇನ್ನೂ ಬಂದಿಲ್ಲವೆಂದು ಹೇಳುವವಳು ಪಣಜಿಯೇ. ಮೊದಮೊದಲು ಸಿಟ್ಟಿನಿಂದ, ಆಮೇಲಾಮೇಲೆ ನೆರೆಮನೆಯವರ ಕಾಳಜಿಯಿಂದ.

ಶಿವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ, ಹಾಜರಿಯ ಹೊತ್ತಿಗೇ, ಕುರಿಹಿಂಡು ಅಂಗಳಕ್ಕೆ ನುಗ್ಗಿತು. ಪಂಜಾಬಿನಲ್ಲಿ ಹೊಕ್ಕು, ದೆಹಲಿಯನ್ನು ತುಳಿದು, ಯಾವ ಅವಸರವೂ ಇಲ್ಲದೆ ಒಡಿಶಾದ ಕಡೆಯಿಂದ ಹೊರಬಿದ್ದಿತು. ಗಡಿ ಒಂದೂ ಉಳಿಯಲಿಲ್ಲ. ಧೂಳು ಇಳಿದಾಗ ಗುರುತಿಗೆ ಇದ್ದದ್ದು ಕಲ್ಲೊಂದೇ. ಅದರ ಪಕ್ಕದಲ್ಲಿ ಕೋಲು ಹಿಡಿದ ಹುಡುಗಿ.

ನಾನು ಏನೂ ಆಗದವನಂತೆ ಹಾಜರಿ ಮುಂದುವರಿಸಿದೆ. "ಮುಂಬೈ?"

"ಬಂದೀನ್ರಿ."

ಪಣಜಿ ಬಾಗಿ ಕಲ್ಲನ್ನೆತ್ತಿ ಅಂಗಳದಂಚಿನ ಬೇವಿನ ಮರದ ಬುಡದಲ್ಲಿ ಇಟ್ಟು ಬಂದು, ಅಳಿಸಿಹೋದ ತನ್ನ ಗೋವೆಯನ್ನು ಅಂದಾಜಿನ ಮೇಲೆ ಹುಡುಕಿಕೊಂಡು ನಿಂತಳು.